ಯೇಸುವನ್ನು ದೇವರು ಮಾಡಿದ್ದು 325ರ ನೈಸಿಯಾ ಸಭೆಯೇ?

ಮುಂಗಾರುಮೋಡ:
ಮೊದಲ ಮುನ್ನೂರು ವರ್ಷ ಯೇಸು ಬರೀ ಪ್ರವಾದಿ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಬಿಷಪ್ಪರನ್ನು ಕೂಡಿಸಿ, ಕೈ ಎತ್ತಿಸಿ, ದೇವರು ಮಾಡಿಬಿಟ್ಟ. ಅಲ್ಲ ಅನ್ನುವವರು ಆಧಾರ ಕೊಡಿ.

ಹಳೆಕಡತ:
ಕ್ರೈಸ್ತರದಲ್ಲದ ಆಧಾರವೇ ಇದೆ. ಸುಮಾರು 112ರಲ್ಲಿ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಕಾಗದ ಬರೆದ: ಈ ಜನ ಬೆಳಗಾಗುವ ಮೊದಲೇ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆ ಅಂತ. ಅವನು ಆಳುತ್ತಿದ್ದ ಬಿಥಿನಿಯಾದಲ್ಲೇ ನೈಸಿಯಾ ಊರೂ ಇರುವುದು!

ಮುಂಗಾರುಮೋಡ:
ಮತ್ತೆ ನೈಸಿಯಾದಲ್ಲಿ ಜಗಳ ಯಾಕಾಯ್ತು?

ಹಳೆಕಡತ:
ಅಲೆಕ್ಸಾಂಡ್ರಿಯಾದ ಪಾದ್ರಿ ಅರಿಯಸ್ ಕೂಡ ಯೇಸುವನ್ನು ಬರೀ ಮನುಷ್ಯ ಅನ್ನಲಿಲ್ಲ. ಲೋಕ ಸೃಷ್ಟಿಯಾದದ್ದೇ ಮಗನ ಮೂಲಕ, ಆದರೆ ಆ ಮಗನನ್ನೂ ತಂದೆಯೇ ಉಂಟುಮಾಡಿದ್ದು, ಅವನು ಇರದಿದ್ದದ್ದೂ ಉಂಟು ಎಂದ. ಅವನ ಬಿಷಪ್ ಅಲೆಕ್ಸಾಂಡರ್‌ಗೆ ಇದು ಸರಿಬರಲಿಲ್ಲ. ಗೆರೆಯ ಯಾವ ಬದಿಗೆ ಮಗ, ಸೃಷ್ಟಿಕರ್ತನ ಬದಿಗೋ ಸೃಷ್ಟಿಯ ಬದಿಗೋ, ಇದೇ ಜಗಳ.

ದಾರಿಹೋಕ:
ಅರಿಯಸ್ ಏನೂ ಹೊಸದಾಗಿ ಹುಟ್ಟಿಸಿದ್ದಲ್ಲ. "ತಂದೆ ನನಗಿಂತ ದೊಡ್ಡವನು" ಎಂದು ಯೋಹಾನನ ಸುವಾರ್ತೆಯಲ್ಲೇ (14:28) ಇದೆಯಲ್ಲ.

ಸಂಜೆಗಾಳಿ:
ಅದೇ ಸುವಾರ್ತೆಯ ಮೊದಲ ವಚನವನ್ನೂ ಓದಿ ಸಾರ್, "ಆ ವಾಕ್ಯವು ದೇವರಾಗಿತ್ತು". ವಾಕ್ಯ ಅಂದರೆ ಅಲ್ಲಿ ಕ್ರಿಸ್ತರೇ. ಅರಿಯಸ್ ಕಡೆಯವರೂ ಕ್ರಿಸ್ತರನ್ನು ಆರಾಧಿಸುತ್ತಿದ್ದರು. ಸೃಷ್ಟಿಯಾದವನಿಗೆ ಆರಾಧನೆ ಹೇಗೆ ಸಲ್ಲುತ್ತದೆ, ಅವನು ನಮ್ಮನ್ನು ಹೇಗೆ ರಕ್ಷಿಸಿಯಾನು ಎಂದು ಅರಿಯಸ್‌ನ ಎದುರಾಳಿ, ಮುಂದೆ ಅಲೆಕ್ಸಾಂಡ್ರಿಯಾದ ಬಿಷಪ್ ಆದ ಅಥನೇಸಿಯಸ್ ಕೇಳಿದ್ದಕ್ಕೆ ನೆಟ್ಟಗಿನ ಉತ್ತರ ನನಗಂತೂ ಕಂಡಿಲ್ಲ.

ದಾರಿಹೋಕ:
ಕಾಣುವುದಾದರೂ ಹೇಗೆ? ಅರಿಯಸ್‌ನ 'ಥಾಲಿಯಾ' ಪದ್ಯಗಳು ನಮಗೆ ತುಣುಕಾಗಿ ಸಿಗುವುದೇ ಮುಖ್ಯವಾಗಿ ಅಥನೇಸಿಯಸ್ ಖಂಡಿಸಲೆಂದು ಎತ್ತಿಕೊಂಡ ಕಡೆಗಳಲ್ಲಿ. ಎದುರಾಳಿಯ ಬಾಯಿಂದ ಕೇಳಿದ ವಾದ ಸಪ್ಪೆಯಾಗಿಯೇ ಕೇಳಿಸುತ್ತದೆ.

ಮುಂಗಾರುಮೋಡ:
ಚಕ್ರವರ್ತಿಯ ಕೈವಾಡದ ಬಗ್ಗೆ ಯಾರೂ ಮಾತಾಡುತ್ತಿಲ್ಲ?

ಹಳೆಕಡತ:
ಕೈವಾಡ ಇತ್ತು. ಸಭೆ ಕರೆದವನು ಅವನೇ. ಅರಿಯಸ್‌ನನ್ನೂ, ಮಗನೂ ಸೃಷ್ಟಿಕರ್ತನ ಬದಿಗೇ ಎಂಬ ಸಭೆಯ ತೀರ್ಮಾನವನ್ನು ಒಪ್ಪದೆ ಉಳಿದ ಇಬ್ಬರು ಲಿಬಿಯಾ ಬಿಷಪ್ಪರನ್ನೂ ಗಡೀಪಾರು ಮಾಡಿದವನೂ ಅವನೇ. ಆಮೇಲಿನದ್ದೂ ಹೇಳಿ ಮತ್ತೆ. ಕೆಲವೇ ವರ್ಷಗಳಲ್ಲಿ ಅರಿಯಸ್‌ನನ್ನು ವಾಪಸ್ ಕರೆಸಿದ, 335ರಲ್ಲಿ ಅಥನೇಸಿಯಸ್‌ನನ್ನೇ ಟ್ರಿಯರ್‌ಗೆ ಅಟ್ಟಿದ. 337ರಲ್ಲಿ ಸಾಯುವ ಮುಂಚೆ ದೀಕ್ಷಾಸ್ನಾನ ಪಡೆದದ್ದು ಅರಿಯಸ್ ಪರ ನಿಂತಿದ್ದ ನಿಕೊಮಿಡಿಯದ ಬಿಷಪ್ ಯುಸೇಬಿಯಸ್‌ನಿಂದ! ಕಾನ್‌ಸ್ಟಂಟೈನ್‌ನ ಮಗ ಕಾನ್‌ಸ್ಟಂಟಿಯಸ್ ನೈಸಿಯಾದ ಮಾತನ್ನೇ ಬದಿಗಿಡಲು ನೋಡಿದ. ನೈಸಿಯಾದ ಪಕ್ಷ ಗಟ್ಟಿಯಾದದ್ದು 381ರಲ್ಲಿ, ಥಿಯೊಡೋಸಿಯಸ್ ಕಾಲಕ್ಕೆ.

ಮುಂಗಾರುಮೋಡ:
ಥಿಯೊಡೋಸಿಯಸ್ ಕೂಡ ಚಕ್ರವರ್ತಿಯೇ ತಾನೆ?

ಸಂಜೆಗಾಳಿ:
ಹೌದು, ಆದರೆ ಕಾನ್‌ಸ್ಟಂಟಿಯಸ್‌ನೂ ಚಕ್ರವರ್ತಿಯೇ. ಅವನ ಅಪ್ಪಣೆ ಯಾಕೆ ನಿಲ್ಲಲಿಲ್ಲ?

ದಾರಿಹೋಕ:
ಥಿಯೊಡೋಸಿಯಸ್‌ನದೂ ಎಲ್ಲ ಕಡೆ ನಡೆಯಲಿಲ್ಲ. ಜರ್ಮಾನಿಕ್ ಜನಾಂಗವಾದ ಗಾಥರಲ್ಲಿ ಒಂದು ಪಂಗಡ ಅರಿಯಸ್ ಬಗೆಯ ನಂಬಿಕೆಯನ್ನು ಸ್ಪೇನ್‌ವರೆಗೂ ಒಯ್ದಿತು. ಅವರ ರಾಜ್ಯ ಅದನ್ನು ಅಧಿಕೃತವಾಗಿ ಬಿಟ್ಟದ್ದು 589ರಲ್ಲಿ, ಟೊಲೆಡೊ ಸಭೆಯಲ್ಲಿ.