ಅಪ್‌ಡೇಟ್: ಮಳೆಗಾಲದಲ್ಲಿ ಒಣಗದ ಆಯಿಲ್ ಪೇಂಟಿಂಗ್ ಕೊನೆಗೂ ದಾರಿಗೆ ಬಂತು

ಅಜ್ಜಿಯ ಚಿತ್ರದ ಮೊದಲ ಪದರ ಹತ್ತು ದಿನವಾದರೂ ಕೈಗೆ ಅಂಟುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಹೇರ್ ಡ್ರೈಯರ್ ಹಿಡಿದು ಒಣಗಿಸಿ ಎಂದ ಕೆಲವರ ಸಲಹೆ ಕೆಲಸಕ್ಕೆ ಬರಲಿಲ್ಲ. ಎಣ್ಣೆಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ನಾನೋ, ಧೂಳು ಕೂರಬಾರದು ಅಂತ ಕಪಾಟಿನಲ್ಲಿ ಮುಚ್ಚಿಟ್ಟಿದ್ದೆ. ಅದೂ ಮುಂಬೈ ಪಕ್ಕದ ಡೊಂಬಿವಲಿಯ ಜುಲೈ ಮಳೆಯಲ್ಲಿ!

ಕೈಹಿಡಿದಿದ್ದು 'ಕೆರೆದು ತೆಗೆದು ಬರ್ಂಟ್ ಅಂಬರ್ ಎಂಬ ಕಂದು ಬಣ್ಣದಲ್ಲಿ ಮತ್ತೆ ಶುರು ಮಾಡಿ' ಎಂದವರ ಮಾತು. ನಾನು ಮೊದಲು ಬಳಸಿದ್ದು ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣ. ಅದು ಮೊದಲೇ ನಿಧಾನವಾಗಿ ಒಣಗುವ ಬಣ್ಣ, ಮೇಲೆ ಲಿನ್ಸೀಡ್ (ಅಗಸೆ ಬೀಜದ) ಎಣ್ಣೆ ಬೇರೆ ಧಾರಾಳವಾಗಿ ಸುರಿದಿದ್ದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಎಣ್ಣೆ ಸೇರಿಸದೆ, ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಬಳಿದೆ. ಫ್ಯಾನ್ ಕೆಳಗೆ ಇಟ್ಟೆ. ಮೂರನೇ ದಿನಕ್ಕೆ ಬೆರಳಿಗೆ ಅಂಟಲಿಲ್ಲ. ವಾಸನೆಗೆ ಮನೆಯವರೆಲ್ಲ ಬಾಲ್ಕನಿಗೆ ಹೋಗಿ ಕೂತಿದ್ದು ಬೇರೆ ಮಾತು.

ಈಗ ಪದರ ಪದರಕ್ಕೂ ಎಣ್ಣೆ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುತ್ತಿದ್ದೇನೆ. ಉಲ್ಟಾ ಮಾಡಿದರೆ ಮುಂದೆ ಬಿರುಕು ಬಿಡುತ್ತದೆ.

ಗೊತ್ತೇ ಇರದಿದ್ದ ಇನ್ನೊಂದು ವಿಷಯ: ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು! ಈಗ ಹರಡಿ ಒಣಗಿಸಿ ಆಮೇಲೆ ಎಸೆಯುತ್ತೇನೆ.

ಅಜ್ಜಿಯ ಇಳಕಲ್ ಸೀರೆಯ ಕೆಂಪಿಗೆ ಎರಡು ತೆಳು ಪದರ ಆಗಿದೆ. ಇನ್ನೊಂದು ಬಾಕಿ.