ಬೈ ಟು ಲೆಟ್ ಸಾಲಕ್ಕೆ ಕನ್ನಡದಲ್ಲಿ ಏನಂತೀರಿ? (ಅರ್ಜೆಂಟ್)

ಹಾಸನದಿಂದ:
ನಮಸ್ಕಾರ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗಾಗಿ ಒಂದು ಕೈಪಿಡಿ ಅನುವಾದ ಮಾಡುತ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಅಲ್ಲಿ ಬೈ ಟು ಲೆಟ್ ಮಾರ್ಟ್‌ಗೇಜ್ ಅಂತ ಒಂದು ಸಾಲ ಇದೆ. ತಾನು ವಾಸ ಇರುವುದಕ್ಕಲ್ಲ, ಬಾಡಿಗೆಗೆ ಬಿಡುವುದಕ್ಕೆಂದೇ ಮನೆ ಕೊಳ್ಳುವವರಿಗೆ. ಸಾಮಾನ್ಯವಾಗಿ ಬೆಲೆಯ ಕಾಲು ಭಾಗ ಕೈಯಿಂದ ಹಾಕಬೇಕು. ಬ್ಯಾಂಕು ಸಂಬಳಕ್ಕಿಂತ ಬಾಡಿಗೆ ಎಷ್ಟು ಬರುತ್ತೆ ಅನ್ನುವುದನ್ನೇ ಜಾಸ್ತಿ ನೋಡುತ್ತದೆ, ಬಡ್ಡಿ 100 ಆದರೆ ಬಾಡಿಗೆ 125ರಿಂದ 145 ಇರಬೇಕು. ಹೆಚ್ಚಿನವರು ತಿಂಗಳಿಗೆ ಬಡ್ಡಿ ಮಾತ್ರ ಕಟ್ಟಿ, ಅಸಲನ್ನು ಕೊನೆಗೆ ತೀರಿಸುತ್ತಾರೆ. 'ಭೋಗ್ಯದ ಸಾಲ' ಅಂತ ಬರೆದಿದ್ದೇನೆ. ನಡೆಯುತ್ತಾ?

ಚಿಕ್ಕಮಗಳೂರಿನಿಂದ:
ನಡೆಯಲ್ಲ ಮೇಡಂ. ನಮ್ಮಲ್ಲಿ 'ಮನೆ ಭೋಗ್ಯಕ್ಕಿದೆ' ಅಂತ ಬೋರ್ಡ್ ಹಾಕಿದರೆ ಅರ್ಥವೇ ಬೇರೆ. ಒಳಗೆ ಬರುವವನು ಓನರ್‌ಗೆ ಒಂದೇ ಸಲ ದುಡ್ಡು ಕೊಡುತ್ತಾನೆ, ಇವನಿಗೆ ಬಾಡಿಗೆ ಇಲ್ಲ, ಅವನಿಗೆ ಬಡ್ಡಿ ಇಲ್ಲ, ಬಿಡುವಾಗ ಪೂರ್ತಿ ವಾಪಸ್. ಅಂದರೆ ಸಾಲ ಕೊಟ್ಟವನು ಮನೆಯೊಳಗೇ ಇದ್ದಾನೆ! ನಿಮ್ಮ ಬ್ರಿಟನ್ ಬ್ಯಾಂಕು ಬಂದು ಅಡುಗೆ ಮಾಡಿಕೊಂಡಿರುತ್ತಾ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್‌ನಲ್ಲಿ ಆರು ಬಗೆಯ ಅಡಮಾನ ಇವೆ, ಭೋಗ್ಯ ಅದರಲ್ಲಿ ಒಂದು ಅಷ್ಟೇ. 'ಬಾಡಿಗೆ ಮನೆ ಸಾಲ' ಅಂತಲೂ ಹಾಕಬೇಡಿ, ಬಾಡಿಗೆ ಕಟ್ಟೋಕೆ ಸಾಲ ಅಂದುಕೊಳ್ಳುತ್ತಾರೆ.

ಸಕಲೇಶಪುರದಿಂದ:
ಭೋಗ್ಯ ಸಂಸ್ಕೃತ. 'ಒತ್ತೆ' ಇರುವಾಗ ಅದರ ಹಂಗ್ಯಾಕೆ? 'ಮನೆಯೊಡೆಯರ ಒತ್ತೆಸಾಲ' ಅನ್ನಿ. ಗಿರವಿ ಪಾರ್ಸಿಯಿಂದ ಬಂದದ್ದು, ಮಾಲೀಕ ಅರಬ್ಬಿ. ಎಲ್ಲಾ ಎರವಲು ತಂದುಕೊಂಡು ಕನ್ನಡ ಅಂತ ಮೆರೆಸುವುದೇ ಆಯ್ತು.

ಚಿಕ್ಕಮಗಳೂರಿನಿಂದ:
ಒತ್ತೆ ಅಂದರೆ ಇವತ್ತಿನ ಓದುಗನಿಗೆ ಒತ್ತೆಯಾಳು ನೆನಪಾಗುತ್ತಾನೆ. ಕೈಪಿಡಿ ಓದುವವನಿಗೆ ದುಡ್ಡಿನ ವಿಷಯ ಗೊತ್ತಾಗಬೇಕು, ನಿಮ್ಮ ಮಡಿ ಅಲ್ಲ.

ಸಕಲೇಶಪುರದಿಂದ:
ಮಡಿ ಅಲ್ಲ ಸ್ವಾಮಿ. ಮಾರ್ಟ್‌ಗೇಜ್ ಅನ್ನುವುದೂ ಹಳೇ ಫ್ರೆಂಚಿನಲ್ಲಿ 'ಸತ್ತ ಒತ್ತೆ'ಯೇ. ಅವರು ಒತ್ತೆ ಅನ್ನಬಹುದು, ನಾವು ಅನ್ನಬಾರದಾ?

ಅರಸೀಕೆರೆಯಿಂದ:
ನಮ್ಮ ಕಡೆ ಜಮೀನು 'ಆಧಾರ ಮಾಡಿದ್ದೀನಿ' ಅಂತಾರೆ. ಆದರೆ ಈಗ ಆಧಾರ ಅಂದರೆ ಜನ ಕಾರ್ಡ್ ತೆಗೆಯುತ್ತಾರೆ. ಇನ್ನು ಒಡೆಯ ಅಂತ ಬರೆದರೆ ಎರಡು ರೂಮು ಬಾಡಿಗೆಗೆ ಬಿಟ್ಟವನಿಗೂ ಪಟ್ಟ ಕಟ್ಟಿದ ಹಾಗೆ. ಓನರ್ ಅಂತಲೇ ಎಲ್ಲರೂ ಹೇಳುವುದು, ಸುಮ್ನೆ ಅದನ್ನೇ ಬರೆದರೆ ಯಾರ ಗಂಟು ಹೋಗುತ್ತೆ?

ಸಕಲೇಶಪುರದಿಂದ:
ಹಾಗಾದರೆ ಪೂರ್ತಿ ಕೈಪಿಡಿಯನ್ನೇ ಇಂಗ್ಲಿಷಿನಲ್ಲಿ ಬಿಡಿ. ಅನುವಾದ ಯಾಕೆ?

ಹಾಸನದಿಂದ:
ಜಗಳ ಆಮೇಲೆ ಮಾಡಿಕೊಳ್ಳಿ, ದಯವಿಟ್ಟು. ತಲೆಬರಹಕ್ಕೆ 'ಬಾಡಿಗೆಗೆ ಬಿಡುವ ಮನೆಗೆ ಸಾಲ', ಒಳಗೆ ಕಾನೂನಿನ ಮಾತು ಬಂದ ಕಡೆ 'ಅಡಮಾನ', ಮೊದಲ ಸಲ ಬೈ ಟು ಲೆಟ್ ಅಂತಲೂ ಕನ್ನಡ ಲಿಪಿಯಲ್ಲಿ ಹಾಕುತ್ತೇನೆ, ಯಾಕೆಂದರೆ ಅಲ್ಲಿನ ಬ್ಯಾಂಕಿಗೆ ಹೋದಾಗ ಆ ಹೆಸರೇ ಹೇಳಬೇಕಲ್ವಾ. ಇನ್ನೊಂದು ಉಳಿದಿದೆ, ಅಸಲು ಮುಟ್ಟದೆ ಬಡ್ಡಿ ಕಟ್ಟಿಕೊಂಡು ಹೋಗುವ ಪದ್ಧತಿಗೆ ಏನನ್ನಲಿ?

ಚಿಕ್ಕಮಗಳೂರಿನಿಂದ:
'ಬಡ್ಡಿ ಮಾತ್ರ'. ಇದಕ್ಕೂ ಚರ್ಚೆ ಬೇಕಾ?

ಸಕಲೇಶಪುರದಿಂದ:
'ಮಾತ್ರ' ಸಂಸ್ಕೃತ.