ಆಫ್ರಿಕಾದ ಟೀಗಳು: ಯಾವುದನ್ನು ಎಷ್ಟು ಕುದಿಸಬೇಕು?

ಕೇಳಿದವರು, ಹಾಸನ

ತಂಗಿ ನೈರೋಬಿಯಲ್ಲಿದ್ದಾಳೆ. ಈ ಸಲ ರಜೆಗೆ ಬಂದಾಗ ಕೀನ್ಯಾದ ಟೀಪುಡಿ, ದಕ್ಷಿಣ ಆಫ್ರಿಕಾದ ರೂಯಿಬೋಸ್, ಒಣಗಿಸಿದ ಕಡುಗೆಂಪು ಹೂವಿನಂಥ ಒಂದು ಪೊಟ್ಟಣ ತಂದುಕೊಟ್ಟಳು. ಜೊತೆಗೆ ಮೊರಾಕೊದ ಪುದೀನ ಟೀ ಮಾಡಿ ನೋಡುವ ಆಸೆ ನನ್ನದು. ನಮ್ಮ ಮನೆಯಲ್ಲಿ ಎಲ್ಲವನ್ನೂ ಹಾಲು, ಸಕ್ಕರೆ ಹಾಕಿ ಕುದಿಸುವುದೇ ರೂಢಿ. ಇವಕ್ಕೂ ಅದೇ ನಡೆಯುತ್ತದಾ? ಅಮ್ಮನಿಗೆ ರಾತ್ರಿ ಊಟ ಆದ ಮೇಲೂ ಟೀ ಬೇಕು, ಆದರೆ ಕುಡಿದರೆ ನಿದ್ದೆ ಬರುವುದಿಲ್ಲ. ಅಪ್ಪ ಬಿಪಿ ಮಾತ್ರೆ ತಗೊಳ್ಳುತ್ತಾರೆ. ಮಾಡಿ ಕುಡಿದು ಗೊತ್ತಿರುವವರು ದಯವಿಟ್ಟು ಹೇಳಿ.

ಮಂಗಳೂರಿನಿಂದ (ಹಲವು ವರ್ಷ ನೈರೋಬಿಯಲ್ಲಿದ್ದವರು)

ಮೊದಲು ಕೀನ್ಯಾದ ಪುಡಿ ತೆರೆಯಿರಿ, ಅದರಲ್ಲಿ ನಿಮಗೆ ಹೊಸದಾಗಿ ಕಲಿಯುವುದು ಜಾಸ್ತಿ ಇಲ್ಲ. ಹಾಲು, ನೀರು, ಪುಡಿ, ಸಕ್ಕರೆ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಸುವುದೇ ಅಲ್ಲಿನ ಮನೆಗಳ ಪದ್ಧತಿ. ಅವರೂ ಚಾಯ್ ಎಂದೇ ಕರೆಯುತ್ತಾರೆ. ಹಾಲಿನದು ಚಾಯ್ ಯಾ ಮಾಝಿವಾ, ಶುಂಠಿಯದು ಚಾಯ್ ಯಾ ತಂಗಾವಿಝಿ, ಹಾಲಿಲ್ಲದ್ದು ಚಾಯ್ ಯಾ ರಂಗಿ. ಬೆಳಿಗ್ಗೆ ಒಮ್ಮೆ ಮಾಡಿ ದೊಡ್ಡ ಫ್ಲಾಸ್ಕಿಗೆ ಸುರಿದಿಡುತ್ತಾರೆ. ಯಾರೇ ಬಂದರೂ ಫ್ಲಾಸ್ಕಿನಿಂದಲೇ ಬಗ್ಗಿಸಿ ಕೊಡುತ್ತಾರೆ. ಬೇಡ ಅಂದರೆ ಮನೆಯವರಿಗೆ ಬೇಜಾರು.

ಕೀನ್ಯಾದಲ್ಲಿ ಮೊದಲ ಟೀ ಗಿಡ ನೆಟ್ಟಿದ್ದು 1903ರಲ್ಲಿ, ನೈರೋಬಿ ಹತ್ತಿರದ ಲಿಮುರುವಿನಲ್ಲಿ. ಬೀಜ ಹೋಗಿದ್ದು ನಮ್ಮ ಭಾರತದಿಂದಲೇ. ಈಗ ಕೀನ್ಯಾದ ಕೆರಿಚೊ, ನಂದಿ ಗುಡ್ಡಗಳ ಕಡೆ ಕಣ್ಣು ಹಾಯಿಸಿದಷ್ಟು ದೂರ ತೋಟ. ಭೂಮಧ್ಯರೇಖೆಯ ಪಕ್ಕ, ಎತ್ತರದ ಜಾಗ, ಮಳೆಗೆ ಕೊರತೆ ಇಲ್ಲ. ಹಾಗಾಗಿ ವರ್ಷವಿಡೀ ಎಲೆ ಕೀಳುತ್ತಾರೆ. ಪುಡಿ ಬಹುಪಾಲು ಸಣ್ಣ ಕಾಳಿನಂಥ ಸಿಟಿಸಿ, ಅಂದರೆ ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ್ದು. ಬಣ್ಣ ಬೇಗ ಬಿಡುತ್ತದೆ, ಖಡಕ್ಕಾಗಿರುತ್ತದೆ. ಅದಕ್ಕೇ ನಾವು ಇಲ್ಲಿ ಹಾಕುವುದಕ್ಕಿಂತ ಸ್ವಲ್ಪ ಕಡಿಮೆ ಪುಡಿ ಸಾಕು.

ನಾನು ಮಾಡುವ ಅಳತೆ: ಎರಡು ಲೋಟ ನೀರು, ಎರಡು ಲೋಟ ಗಟ್ಟಿ ಹಾಲು, ಮೂರು ಟೀ ಚಮಚ ಪುಡಿ. ಶುಂಠಿ ಹಾಕುವುದಾದರೆ ಜಜ್ಜಿ ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿ, ಆಮೇಲೆ ಹಾಲು. ಹಸಿ ಶುಂಠಿ ನೇರವಾಗಿ ಹಾಲಿಗೆ ಬಿದ್ದರೆ ಹಾಲು ಒಡೆಯಬಹುದು. ಪುಡಿ ಹಾಕಿದ ಮೇಲೆ ಉಕ್ಕಿ ಬಂದಾಗ ಉರಿ ಸಣ್ಣ ಮಾಡಿ, ಎರಡು ಮೂರು ನಿಮಿಷ ಸಾಕು.

ಮೊಂಬಾಸಾ, ಜಂಜಿಬಾರ್ ಕಡೆ ಹೋದರೆ ಇದೇ ಚಾಯ್‌ಗೆ ಏಲಕ್ಕಿ, ದಾಲ್ಚಿನ್ನಿ, ಲವಂಗ ಬೀಳುತ್ತದೆ. ಜಂಜಿಬಾರ್ ಲವಂಗದ ದ್ವೀಪ, ಗೊತ್ತಲ್ಲ. ಇನ್ನೊಂದು ರುಚಿ ಬಿಡಬೇಡಿ: ಮಜ್ಜಿಗೆ ಹುಲ್ಲು. ಎರಡು ಮೂರು ಎಳೆ ಗಂಟು ಕಟ್ಟಿ, ಹಾಲಿಲ್ಲದ ಚಾಯ್‌ನಲ್ಲಿ ಕುದಿಸುತ್ತಾರೆ. ಜೊತೆಗೆ ಮಂದಾಝಿ. ಮೈದಾ ಹಿಟ್ಟಿಗೆ ತೆಂಗಿನಹಾಲು, ಏಲಕ್ಕಿ ಹಾಕಿ ಕಲಸಿ ಎಣ್ಣೆಯಲ್ಲಿ ಕರಿದದ್ದು. ನಮ್ಮ ಬನ್ಸ್ ತಿಂದವರಿಗೆ ಮೊದಲ ತುತ್ತಿಗೇ ಇಷ್ಟವಾಗುತ್ತದೆ.

ಕೇಪ್‌ಟೌನ್‌ನಿಂದ

ಅಮ್ಮನ ರಾತ್ರಿ ಟೀಗೆ ರೂಯಿಬೋಸ್ ಇದೆಯಲ್ಲ, ಚಿಂತೆ ಬಿಡಿ. ಇದು ಟೀ ಗಿಡವೇ ಅಲ್ಲ. ಸೂಜಿಯಂಥ ಎಲೆಯ ಪೊದೆ, ಕೆಫೀನ್ ಇಲ್ಲವೇ ಇಲ್ಲ. ಕೇಪ್‌ಟೌನಿಗೆ ಉತ್ತರದ ಸೀಡರ್‌ಬರ್ಗ್ ಬೆಟ್ಟಗಳ ಸುತ್ತಮುತ್ತ ಬೆಳೆಯುತ್ತದೆ. ಕ್ಲಾನ್‌ವಿಲಿಯಂ ಅಲ್ಲಿನ ಮುಖ್ಯ ಊರು. ಕಾಡಿನಲ್ಲಿ ಬೆಳೆದಿದ್ದನ್ನು ಕೊಯ್ದು, ಜಜ್ಜಿ, ಕುಡಿಯುವುದನ್ನು ಮೊದಲು ತಿಳಿದಿದ್ದವರು ಅಲ್ಲಿನ ಮೂಲ ನಿವಾಸಿಗಳಾದ ಖೋಯ್ ಮತ್ತು ಸಾನ್ ಜನ. 1904ರಲ್ಲಿ ಬೆಂಜಮಿನ್ ಗಿನ್ಸ್‌ಬರ್ಗ್ ಎಂಬ ವ್ಯಾಪಾರಿ ಅದನ್ನು ಮಾರಾಟಕ್ಕೆ ತಂದ. ಆದರೆ ಲಾಭದಲ್ಲಿ ಆ ಮೂಲ ಜನಕ್ಕೂ ಪಾಲು ಕೊಡಬೇಕೆಂಬ ಒಪ್ಪಂದ ಆಗಿದ್ದು 2019ರಲ್ಲಿ! ನೂರು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಇದು ನನಗೆ ಈಗಲೂ ಬೇಸರದ ವಿಷಯ.

ಕೊಯ್ದಾಗ ಅದು ಹಸಿರೇ. ಸಣ್ಣಗೆ ಕತ್ತರಿಸಿ, ಜಜ್ಜಿ, ನೀರು ಚಿಮುಕಿಸಿ ರಾಶಿ ಹಾಕುತ್ತಾರೆ. ರಾತ್ರಿಯಿಡೀ ಒಳಗೇ ಬಿಸಿಯಾಗಿ ಕೆಂಪಾಗುತ್ತದೆ, ಸಿಹಿ ವಾಸನೆ ಬರುತ್ತದೆ. ಆಮೇಲೆ ಬಿಸಿಲಿಗೆ ಹರಡುತ್ತಾರೆ.

ಮಾಡುವುದು ಬಹಳ ಸುಲಭ. ಒಂದು ದೊಡ್ಡ ಲೋಟ ನೀರಿಗೆ ಒಂದು ಟೀ ಚಮಚ ತುಂಬ ಎಲೆ. ಸಣ್ಣ ಉರಿಯಲ್ಲಿ ಐದರಿಂದ ಹತ್ತು ನಿಮಿಷ ಕುದಿಸಿ. ಮಾಮೂಲಿ ಟೀಯಾದರೆ ಇಷ್ಟು ಹೊತ್ತಿಗೆ ಒಗರಾಗಿ ಬಾಯಿಗೆ ಇಡಲಾಗುವುದಿಲ್ಲ. ಇದು ಹಾಗಲ್ಲ, ಕುದಿದಷ್ಟೂ ಬಣ್ಣ, ಸಿಹಿ ಏರುತ್ತದೆ. ಸುಮ್ನೆ ಬಿಸಿನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆದವರು "ಸಪ್ಪೆ" ಅನ್ನುತ್ತಾರೆ. ಪಾಪ, ರೂಯಿಬೋಸ್ ಇನ್ನೂ ಬಿಟ್ಟುಕೊಟ್ಟೇ ಇರುವುದಿಲ್ಲ. ಸೋಸಲು ಬಟ್ಟೆ ಅಥವಾ ತುಂಬಾ ಸಣ್ಣ ಕಣ್ಣಿನ ಜಾಲರಿ ಬೇಕು. ಮಾಮೂಲಿ ಪ್ಲಾಸ್ಟಿಕ್ ಸೋಸುಕದಲ್ಲಿ ಆ ಸೂಜಿಗಳು ಜಾರಿ ಲೋಟಕ್ಕೆ ಬರುತ್ತವೆ.

ಹಾಲು ಬೇಕೇ ಬೇಕು ಅಂದರೆ ಕೊನೆಯಲ್ಲಿ ಸ್ವಲ್ಪ. ನನ್ನ ಪ್ರಕಾರ ಒಂದು ಚೂರು ನಿಂಬೆ, ಜೇನುತುಪ್ಪ ಇದಕ್ಕೆ ಇನ್ನೂ ಚೆನ್ನ.

ಪ್ರಿಟೋರಿಯಾದಿಂದ

ಹಾಲಿನ ವಿಷಯದಲ್ಲಿ ಕೇಪ್‌ಟೌನ್‌ನವರ ಮಾತು ನಾನು ಒಪ್ಪುವುದಿಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ರೂಯಿಬೋಸ್‌ಗೆ ಹಾಲು, ಸಕ್ಕರೆ ಹಾಕಿಯೇ ಕುಡಿಯುತ್ತಾರೆ. ನಮ್ಮತ್ತೆಗೆ ನಾನು ಮಾಡಿಕೊಡುವುದೂ ಹಾಗೇ. ನೀರು ಅರ್ಧಕ್ಕೆ ಇಳಿಯುವ ಹಾಗೆ ಕುದಿಸಿ ಡಿಕಾಕ್ಷನ್ ಥರ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಬೇರೆ ಕಾಯಿಸಿದ ಹಾಲು ಸೇರಿಸಿ, ಒಂದು ಏಲಕ್ಕಿ. ಇಡೀ ಜೀವನ ಹಾಲಿನ ಟೀ ಕುಡಿದವರಿಗೆ ಮೊದಲ ದಿನವೇ ನಿಂಬೆ ಹಿಂಡಿ ಕೊಟ್ಟರೆ ಅವರು ಎರಡನೇ ಸಲ ಕೇಳುವುದಿಲ್ಲ.

ನಿಮ್ಮ ತಂಗಿಗೆ ಸಿಕ್ಕರೆ ಹನಿಬುಷ್ ಕೂಡ ತರಲಿಕ್ಕೆ ಹೇಳಿ. ಇದೂ ಇಲ್ಲಿಯದೇ, ಇದರಲ್ಲೂ ನಿದ್ದೆ ಕೆಡಿಸುವಂಥದ್ದು ಇಲ್ಲ. ಅದಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ.

ಕಲಬುರಗಿಯಿಂದ (ಮೊದಲು ಖಾರ್ತೂಮ್‌ನಲ್ಲಿ ಕೆಲಸದಲ್ಲಿದ್ದವರು)

ಆ ಕಡುಗೆಂಪು ಪೊಟ್ಟಣ ಕರ್ಕದೇ ಇರಬೇಕು. ಸುಡಾನ್, ಈಜಿಪ್ಟ್‌ನಲ್ಲಿ ಕರ್ಕದೇ, ಸೆನೆಗಲ್‌ನಲ್ಲಿ ಬಿಸಾಪ್, ನೈಜೀರಿಯಾದಲ್ಲಿ ಝೋಬೋ, ಘಾನಾದಲ್ಲಿ ಸೋಬೋಲೋ. ಎಲ್ಲವೂ ಒಂದೇ ಗಿಡದ್ದು. ನಮ್ಮ ಕಡೆ ರೊಟ್ಟಿ ಜೊತೆ ಪುಂಡಿಪಲ್ಯ ತಿಂತೀವಲ್ಲ, ಆ ಪುಂಡಿಯ ಜಾತಿಯೇ. ನಾವು ಎಲೆ ತಿಂದೆವು, ಅವರು ಕಾಯಿಯ ಹೊದಿಕೆ ಹಿಡಿದರು. ನೋಡಲು ಹೂವಿನ ಹಾಗಿದ್ದರೂ ಅದು ಎಸಳಲ್ಲ. ಎಸಳು ಉದುರಿದ ಮೇಲೆ ಕಾಯಿಯ ಸುತ್ತ ದಪ್ಪಗೆ ಬೆಳೆಯುವ ಕೆಂಪು ತೊಟ್ಟು. ಅಂಗಳದ ದಾಸವಾಳ ಒಣಗಿಸಿ ಹಾಕಿದರೆ ಈ ಹುಳಿ ಬರುವುದಿಲ್ಲ, ಅದೇ ಬೇರೆ ಇದೇ ಬೇರೆ.

ಖಾರ್ತೂಮ್‌ನ ಬೇಸಿಗೆಯಲ್ಲಿ ನನ್ನನ್ನು ಕಾಪಾಡಿದ್ದು ತಣ್ಣನೆ ಕರ್ಕದೇ. ಅದಕ್ಕೆ ಒಲೆಯೇ ಬೇಡ. ಒಂದು ಹಿಡಿ ತೊಟ್ಟನ್ನು ಬೇಗ ಒಮ್ಮೆ ತೊಳೆಯಿರಿ, ಮರಳು ಇರುತ್ತದೆ. ಗಾಜಿನ ಜಾಡಿಯಲ್ಲಿ ಒಂದು ಲೀಟರ್ ತಣ್ಣೀರಿಗೆ ಹಾಕಿ. ಅಲ್ಲಾಡಿಸದೆ ನೋಡ್ತಾ ಇರಿ: ಒಂದೊಂದು ತೊಟ್ಟಿನ ತುದಿಯಿಂದ ಕೆಂಪು ದಾರದಂತೆ ಬಣ್ಣ ಕೆಳಗಿಳಿದು, ಮೊದಲು ಜಾಡಿಯ ತಳ ಕೆಂಪಾಗುತ್ತದೆ. ನಿಧಾನಕ್ಕೆ ಮೇಲಕ್ಕೆ ಏರುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸೋಸಿ ಸಕ್ಕರೆ ಸೇರಿಸಿ. ತಣ್ಣೀರಿನಲ್ಲಿ ನೆನೆಸಿದ್ದಕ್ಕೆ ಒಗರು ಕಡಿಮೆ, ಹಣ್ಣಿನ ರುಚಿ ಜಾಸ್ತಿ.

ಬಿಸಿ ಬೇಕಾದರೆ ಕುದಿಯುವ ನೀರು ಸುರಿದು ಮುಚ್ಚಿಡಿ, ಆರೇಳು ನಿಮಿಷ. ನೈಜೀರಿಯಾದವರು ಮಾತ್ರ ಶುಂಠಿ, ಲವಂಗ, ಅನಾನಸ್ ಸಿಪ್ಪೆ ಎಲ್ಲ ಹಾಕಿ ಚೆನ್ನಾಗಿ ಕುದಿಸುತ್ತಾರೆ, ಆರಿಸಿ ಕುಡಿಯುತ್ತಾರೆ. ಸೆನೆಗಲ್‌ನವರು ಪುದೀನ ಹಾಕುತ್ತಾರೆ. ಹೇಗೆ ಮಾಡಿದರೂ ಸ್ಟೀಲ್ ಅಥವಾ ಗಾಜಿನ ಪಾತ್ರೆಯೇ ಇರಲಿ, ಈ ಹುಳಿಗೆ ಅಲ್ಯೂಮಿನಿಯಂ ಬೇಡ. ಹಾಲಂತೂ ಹಾಕಲೇಬೇಡಿ, ಒಡೆದುಹೋಗುತ್ತದೆ.

ಅಪ್ಪನ ವಿಷಯ. ಇದು ಬಿಪಿ ಇಳಿಸುತ್ತದೆ ಅನ್ನುವುದು ಬರೀ ಮಾತಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ದಿನಕ್ಕೆ ಮೂರು ಲೋಟದ ಹಾಗೆ ಆರು ವಾರ ಕುಡಿದವರ ಮೇಲಿನ ಬಿಪಿ ಸರಾಸರಿ 7 ಅಂಕದಷ್ಟು ಇಳಿದಿತ್ತು. ಆದರೆ ಅವರು ಬಿಪಿ ಮಾತ್ರೆ ತಗೊಳ್ಳುತ್ತಿರಲಿಲ್ಲ. ನಿಮ್ಮ ಅಪ್ಪ ತಗೊಳ್ಳುತ್ತಾರೆ. ಮಾತ್ರೆಯ ಜೊತೆ ಇದೂ ಸೇರಿದರೆ ಬಿಪಿ ತೀರಾ ಕೆಳಗಿಳಿಯಬಹುದು. ದಿನಾ ಕುಡಿಯುವ ಮೊದಲು ಅವರ ಡಾಕ್ಟರನ್ನು ಕೇಳಿ. ಮಾತ್ರೆ ಬಿಟ್ಟು ಇದನ್ನು ಹಿಡಿಯುವುದಂತೂ ಬೇಡವೇ ಬೇಡ. ಮನೆಯಲ್ಲಿ ಬಸುರಿಯರಿದ್ದರೆ ಅವರಿಗೂ ಕೊಡಬೇಡಿ.

ಬೆಂಗಳೂರಿನಿಂದ (ಮೊರಾಕೊದಲ್ಲಿ ಇದ್ದು ಬಂದವರು)

ಪುದೀನ ಟೀಗೆ ನಮ್ಮ ಕುದಿಸುವ ರೂಢಿಯನ್ನು ಸ್ವಲ್ಪ ಬದಿಗಿಡಬೇಕು. ಬೇಕಾಗುವುದು ಚೀನಾದ ಗನ್‌ಪೌಡರ್ ಹಸಿರು ಟೀ, ಎಲೆಗಳನ್ನು ಮೆಣಸಿನ ಕಾಳಿನ ಹಾಗೆ ಉರುಟಾಗಿ ಸುತ್ತಿರುತ್ತಾರೆ. ಆನ್‌ಲೈನಿನಲ್ಲಿ ಸಿಗುತ್ತದೆ. ಹಸಿರು ಟೀಯ ಬ್ಯಾಗುಗಳು ಆಗುವುದಿಲ್ಲ. ಮೊರಾಕೊದಲ್ಲಿ ಈ ಟೀ ಮನೆಮನೆಗೆ ಹರಡಿದ್ದು 1850ರ ದಶಕದಿಂದ. ರಷ್ಯಾ ವಿರುದ್ಧದ ಕ್ರಿಮಿಯಾ ಯುದ್ಧದಿಂದ ಬ್ರಿಟಿಷ್ ವ್ಯಾಪಾರಿಗಳಿಗೆ ಬಾಲ್ಟಿಕ್ ಕಡೆಯ ಮಾರುಕಟ್ಟೆ ತಪ್ಪಿತು. ಅವರು ಸರಕನ್ನು ಟ್ಯಾಂಜಿಯರ್, ಎಸ್ಸೌಇರಾ ಬಂದರುಗಳಿಗೆ ತಿರುಗಿಸಿದರು.

ಅರ್ಧ ಲೀಟರ್ ಹಿಡಿಯುವ, ಒಲೆ ಮೇಲೆ ಇಡಬಹುದಾದ ಸ್ಟೀಲ್ ಟೀಪಾಟ್ ತಗೊಳ್ಳಿ. ಒಂದು ದೊಡ್ಡ ಚಮಚ ಎಲೆ ಹಾಕಿ, ಅರ್ಧ ಲೋಟ ಬಿಸಿನೀರು ಹಾಕಿ. ಒಂದು ನಿಮಿಷ ಬಿಟ್ಟು ಆ ನೀರನ್ನು ಲೋಟಕ್ಕೆ ಬಗ್ಗಿಸಿ ಎತ್ತಿಡಿ, ಚೆಲ್ಲಬೇಡಿ. ಟೀಯ ಜೀವ ಅದರಲ್ಲೇ ಇದೆ. ಮತ್ತೆ ಅರ್ಧ ಲೋಟ ಬಿಸಿನೀರು ಹಾಕಿ ಜೋರಾಗಿ ಅಲ್ಲಾಡಿಸಿ. ಈಗ ಬರುವ ರಾಡಿ ನೀರನ್ನು ಚೆಲ್ಲಿ, ಕಹಿ ಅದರ ಜೊತೆ ಹೋಗುತ್ತದೆ. ಎತ್ತಿಟ್ಟ ನೀರನ್ನು ವಾಪಸ್ ಹಾಕಿ, ಪಾಟ್ ತುಂಬ ಬಿಸಿನೀರು ಹಾಕಿ, ಸಣ್ಣ ಉರಿಯಲ್ಲಿ ಗುಳ್ಳೆ ಏಳುವವರೆಗೆ ಇಡಿ. ಉರಿ ಆರಿಸಿದ ಮೇಲೆಯೇ ಪುದೀನ. ದಂಟಿನ ಸಮೇತ ಒಂದು ಕಟ್ಟು, ಸಕ್ಕರೆ. ಪುದೀನ ಹಾಕಿ ಕುದಿಸಿದರೆ ಎಲೆ ಕಪ್ಪಾಗಿ ವಾಸನೆ ಕೆಡುತ್ತದೆ.

ಚಮಚದಲ್ಲಿ ಕಲಕುವುದಿಲ್ಲ. ಒಂದು ಲೋಟಕ್ಕೆ ಬಗ್ಗಿಸಿ ಮತ್ತೆ ಪಾಟಿಗೇ ಸುರಿಯಿರಿ, ಎರಡು ಮೂರು ಸಲ. ಆಮೇಲೆ ಎತ್ತರದಿಂದ ಸಣ್ಣ ಲೋಟಗಳಿಗೆ ಬಗ್ಗಿಸಿ. ಮೇಲೆ ನೊರೆ ನಿಲ್ಲಬೇಕು. ಅಲ್ಲಿ ಸಕ್ಕರೆ ವಿಪರೀತ ಹಾಕುತ್ತಾರೆ, ನಾನು ಕಾಲು ಭಾಗಕ್ಕೆ ಇಳಿಸಿಕೊಂಡಿದ್ದೇನೆ. ಸಂತೆಯ ಪುದೀನ ಚೆನ್ನಾಗಿಯೇ ನಡೆಯುತ್ತದೆ. ರಾತ್ರಿ ಮಾತ್ರ ಅಮ್ಮನಿಗೆ ಇದನ್ನು ಕೊಡಬೇಡಿ. ಹಸಿರು ಟೀಯಲ್ಲೂ ಕೆಫೀನ್ ಇದೆ.

ಮಾಲಿ, ಮಾರಿಟಾನಿಯಾ, ಸೆನೆಗಲ್‌ನಲ್ಲಿ ಇದೇ ಎಲೆಯನ್ನು ಇದ್ದಿಲ ಒಲೆಯ ಮೇಲಿಟ್ಟು ಮೂರು ಸುತ್ತು ಕುದಿಸಿ ಕುಡಿಯುತ್ತಾರೆ. ಮೊದಲ ಸುತ್ತು ಖಡಕ್ ಕಹಿ, ಹೋಗ್ತಾ ಹೋಗ್ತಾ ಸಿಹಿ. ಮೂರೂ ಮುಗಿಯಲು ಗಂಟೆಗಟ್ಟಲೆ ಆಗುತ್ತದೆ, ಮಾತು ಅಷ್ಟೂ ಹೊತ್ತು ನಡೆದಿರುತ್ತದೆ.

ಮೈಸೂರಿನಿಂದ

ಕೈರೋದಲ್ಲಿ ನಾನು ಕುಡಿದದ್ದು ಕೊಶರಿ ಟೀ. ಲೋಟದಲ್ಲೇ ಪುಡಿ, ಸಕ್ಕರೆ ಹಾಕಿ ಮೇಲೆ ಬಿಸಿನೀರು ಸುರಿಯುತ್ತಾರೆ, ಅಷ್ಟೇ. ದಕ್ಷಿಣಕ್ಕೆ ಹೋದರೆ ಸಯೀದಿ ಟೀ, ಕಪ್ಪಾಗುವವರೆಗೆ ಕುದಿಸಿ ಸಕ್ಕರೆ ಸುರಿದದ್ದು. ಈಜಿಪ್ಟ್‌ನವರು ಕುಡಿಯುವ ಪುಡಿಯಲ್ಲಿ ದೊಡ್ಡ ಪಾಲು ಕೀನ್ಯಾದ್ದೇ, ಹಾಗಾಗಿ ನಿಮ್ಮ ಪೊಟ್ಟಣದಲ್ಲೇ ಎರಡೂ ಮಾಡಿ ನೋಡಬಹುದು.

ಕೇಳಿದವರು, ಹಾಸನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಇವತ್ತು ಪ್ರಿಟೋರಿಯಾ ಪದ್ಧತಿಯಲ್ಲೇ ರೂಯಿಬೋಸ್ ಮಾಡುತ್ತೇನೆ. ಅಪ್ಪನ ಡಾಕ್ಟರ್ ಹತ್ತಿರ ಸೋಮವಾರ ಹೋಗುವುದಿದೆ, ಅಲ್ಲಿಯವರೆಗೆ ಕರ್ಕದೇ ಅವರಿಗಿಲ್ಲ. ಒಂದೇ ಒಂದು ಪ್ರಶ್ನೆ: ಸೋಸಿದ ಮೇಲೆ ಉಳಿಯುವ ಆ ತೊಟ್ಟುಗಳನ್ನು ಎಸೆಯಲು ಮನಸ್ಸಾಗುತ್ತಿಲ್ಲ. ಏನಾದರೂ ಮಾಡಬಹುದಾ?

ಕಲಬುರಗಿಯಿಂದ

ಎಸೆಯಬೇಡ್ರಿ. ತಣ್ಣೀರಿನಲ್ಲಿ ನೆನೆಸಿದ್ದಾದರೆ ಹುಳಿ ಇನ್ನೂ ಉಳಿದಿರುತ್ತದೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ತೊಟ್ಟು ಸೇರಿಸಿ ಮೆತ್ತಗಾಗುವವರೆಗೆ ಬಾಡಿಸಿ. ಉಪ್ಪು, ಒಂದು ಚೂರು ಬೆಲ್ಲ ಹಾಕಿ ರುಬ್ಬಿ. ಜೋಳದ ರೊಟ್ಟಿಗೆ ಹಚ್ಚಿಕೊಳ್ಳಿ, ಅನ್ನಕ್ಕೂ ಆಗುತ್ತದೆ. ಎರಡು ದಿನದೊಳಗೆ ಮುಗಿಸಿ.